ಕೋಪದಲ್ಲಿ ಕೊಯ್ದ ಮೂಗು

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಮುಂದೆ ಆಡಿದ ಮಾತಿನ ಬರಹರೂಪ. ಆಯಾ ಊರುಗಳಲ್ಲಿ ಬಂದ ಪ್ರಶ್ನೆಗಳನ್ನೂ ಅವಕ್ಕೆ ಕೊಟ್ಟ ಉತ್ತರಗಳನ್ನೂ ಇದರಲ್ಲಿಯೇ ಸೇರಿಸಿದ್ದೇನೆ.)



ನಮ್ಮಲ್ಲಿ ಒಂದು ಗಾದೆ ಇದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಸಿಟ್ಟಿನ ಕೈಗೆ ಬುದ್ಧಿ ಕೊಡಬೇಡ ಎಂದು ಹೇಳುವುದಕ್ಕೆ ಹಿರಿಯರು ಇದನ್ನು ಬಳಸುತ್ತಾರೆ. ಕೆಲವರು ಸ್ವಲ್ಪ ತಿರುಗಿಸಿ 'ಕೊಯ್ದುಕೊಂಡ ಮೂಗು' ಎನ್ನುತ್ತಾರೆ, ಮೂಗನ್ನು ತಾನೇ ಕೊಯ್ದುಕೊಂಡಂತೆ. ನಾನು ಇಷ್ಟು ವಯಸ್ಸಾದರೂ ತನ್ನ ಮೂಗನ್ನು ತಾನೇ ಕೊಯ್ದುಕೊಂಡ ಒಬ್ಬರನ್ನೂ ಕಂಡಿಲ್ಲ. ಆದರೆ 'ತಾನೇ ಸುಟ್ಟುಕೊಂಡಳು', 'ತಾನೇ ಜಾರಿ ಬಿದ್ದಳು' ಎಂಬ ಮಾತುಗಳನ್ನು ಮಾತ್ರ ಸಾಕಾಗುವಷ್ಟು ಕೇಳಿದ್ದೇನೆ. ನೀವೂ ಕೇಳಿದ್ದೀರಿ.

ಈ ಗಾದೆಯ ಬುದ್ಧಿವಾದವೆಲ್ಲ ಕೋಪ ಬಂದವನಿಗೆ. ಮೂಗು ಹೋದವಳು ಮುಂದೆ ಹೇಗೆ ಬದುಕಿದಳು, ಹೋದದ್ದರಲ್ಲಿ ಮರಳಿ ಬಂದದ್ದೆಷ್ಟು ಎಂದು ಗಾದೆ ಕೇಳುವುದಿಲ್ಲ. ಇವತ್ತು ನಾವು ಅದನ್ನೇ ಕೇಳೋಣ. ಏಟು ತಿಂದ ಮುಖಕ್ಕೆ, ಸುಟ್ಟ ಮುಖಕ್ಕೆ ವೈದ್ಯರು ಏನು ಮಾಡಬಲ್ಲರು? ಅದರ ಖರ್ಚು ಯಾರ ಮೇಲೆ? ಯಾವ ಚಿಕಿತ್ಸೆ ನಮ್ಮ ಹಕ್ಕು, ಯಾವುದು ನಮ್ಮ ಕೊರಳಿಗೆ ಸುತ್ತಿಕೊಳ್ಳುವ ಇನ್ನೊಂದು ಹಗ್ಗ?

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು. ಆದ್ದರಿಂದ ಒಂದು ಹಳೆಯ ಸಂಗತಿಯಿಂದ ಆರಂಭಿಸುತ್ತೇನೆ. ಅದು ಬೇರೆಲ್ಲಿಯದೂ ಅಲ್ಲ, ನಮ್ಮದೇ ಜಿಲ್ಲೆಯದು.

1686ರಲ್ಲಿ ಔರಂಗಜೇಬ ವಿಜಾಪುರವನ್ನು ಗೆದ್ದುಕೊಂಡ. ಆ ಯುದ್ಧದ ಸಂಗತಿಗಳನ್ನು ಮನೂಚಿ ಎಂಬ ವೆನಿಸ್ ಪಟ್ಟಣದ ಪ್ರವಾಸಿ ಬರೆದಿಟ್ಟಿದ್ದಾನೆ. ಮೊಗಲರ ಸೈನ್ಯಕ್ಕೆ ಹುಲ್ಲು ಕೊಯ್ಯಲು, ಕಣಿಕೆ ತರಲು ಹೋದ ಬಡ ಆಳುಗಳು ಸಿಕ್ಕರೆ ವಿಜಾಪುರದ ಕಡೆಯವರು ಅವರನ್ನು ಕೊಲ್ಲುತ್ತಿರಲಿಲ್ಲ, ಮೂಗು ಕೊಯ್ದು ಕಳಿಸುತ್ತಿದ್ದರು. ಅಂಥವರಿಗೆ ಈ ನಾಡಿನ ಶಸ್ತ್ರವೈದ್ಯರೇ ಹೊಸ ಮೂಗು ಮಾಡಿಕೊಡುತ್ತಿದ್ದರಂತೆ. ಹುಬ್ಬಿನ ಮೇಲೆ ಹಣೆಯ ಚರ್ಮವನ್ನು ಬಿಡಿಸಿ, ಒಂದು ತಿರುವು ಕೊಟ್ಟು, ಕೆಳಗಿಳಿಸಿ ಗಾಯದ ಮೇಲೆ ಕೂಡಿಸುತ್ತಿದ್ದರು. ಆ ಮೂಗು ಮೊದಲಿನಂತೆ ಇರುತ್ತಿರಲಿಲ್ಲ, ಹುಬ್ಬುಗಳ ನಡುವೆ ಕೊಯ್ದ ಗುರುತು ಉಳಿಯುತ್ತಿತ್ತು, ಆದರೆ ಮೂಗೇ ಇಲ್ಲದ್ದಕ್ಕಿಂತ ಎಷ್ಟೋ ವಾಸಿಯಾಗಿತ್ತು ಎಂದು ಅವನು ಬರೆಯುತ್ತಾನೆ.

ಸುಶ್ರುತ ಸಂಹಿತೆಯಲ್ಲಿಯೂ ಮೂಗು ಕಟ್ಟುವ ವಿಧಾನವಿದೆ. 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆ, ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡ ಒಬ್ಬ ಎತ್ತಿನ ಬಂಡಿಯವನಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕೂಡಿಸಿದ ಸಂಗತಿಯನ್ನು ಪ್ರಕಟಿಸಿತು. ಅದನ್ನು ಓದಿ ತಿಳಿದು 1814ರಲ್ಲಿ ಲಂಡನ್ನಿನ ವೈದ್ಯರು ತಾವೂ ಮಾಡಿದರು. ಇವತ್ತಿಗೂ ಹಣೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಇದನ್ನು ಕೇಳಿ ನಾವು ಹೆಮ್ಮೆ ಪಡುತ್ತೇವೆ. ಪಡೋಣ. ಆದರೆ ಮೂಗು ಕಟ್ಟುವ ವಿದ್ಯೆ ಈ ದೇಶದಲ್ಲಿ ಇಷ್ಟು ಬೆಳೆದದ್ದೇಕೆ? ಮೂಗು ಕೊಯ್ಯುವ ಪದ್ಧತಿ ಇದ್ದುದರಿಂದ. ಯುದ್ಧದಲ್ಲಿ ಬಡ ಆಳುಗಳ ಮೂಗು, ಮನೆಯಲ್ಲಿ ಹೆಂಗಸಿನ ಮೂಗು. ನಡತೆ ಸರಿಯಿಲ್ಲ ಎಂಬ ಆರೋಪ ಬಂದರೆ ಸಾಕು, ಅದೇ ಶಿಕ್ಷೆ. ಶೂರ್ಪನಖಿಯ ಕಥೆಯನ್ನು ನಾವೆಲ್ಲ ಬಯಲಾಟದಲ್ಲಿ ನಕ್ಕು ನೋಡಿದವರೇ. ಕೊಲ್ಲದೆ ಮುಖ ಕೆಡಿಸಿ ಬಿಡುವುದರ ಅರ್ಥ ಒಂದೇ: ಇವಳು ಬದುಕಿರಲಿ, ಆದರೆ ನಾಲ್ಕು ಮಂದಿಯ ಮುಂದೆ ಬರದಿರಲಿ. ಆಸಿಡ್ ಎರಚುವವನ ಲೆಕ್ಕಾಚಾರವೂ ಇದೇ.

ಇಂಡಿಯಲ್ಲಿ ಒಬ್ಬ ತಾಯಿ ಕೇಳಿದರು: "ಪ್ಲಾಸ್ಟಿಕ್ ಸರ್ಜರಿ ಅಂದ್ರ ಮಾರ್‍ಯಾಗ ಪ್ಲಾಸ್ಟಿಕ್ ಕೂಡಸ್ತಾರೇನ್ರೀ?" ಎಲ್ಲರೂ ನಕ್ಕರು, ಆದರೆ ಕೇಳಿದ್ದು ಒಳ್ಳೆಯದಾಯಿತು. ಇಲ್ಲ ತಾಯಿ. ಇದು ಕೊಡದ ಪ್ಲಾಸ್ಟಿಕ್ ಅಲ್ಲ. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಆಕಾರ ಕೊಡುವುದು ಎಂದು ಅರ್ಥ, ಕುಂಬಾರ ಮಣ್ಣಿಗೆ ಆಕಾರ ಕೊಟ್ಟಂತೆ. ಬಳಸುವುದು ಹೆಚ್ಚಾಗಿ ನಮ್ಮದೇ ಚರ್ಮ, ನಮ್ಮದೇ ಮಾಂಸ, ನಮ್ಮದೇ ಎಲುಬು.

ಇದರಲ್ಲಿ ಎರಡು ಬಗೆ. ಸುಟ್ಟದ್ದು, ಮುರಿದದ್ದು, ಹುಟ್ಟಿನಿಂದ ಸೀಳಿದ್ದು, ಕಾಯಿಲೆಯಿಂದ ಹೋದದ್ದು, ಇವನ್ನು ಮತ್ತೆ ಕಟ್ಟುವುದು ಒಂದು. ಕೆಡದೇ ಇರುವ ಮುಖವನ್ನು ಇನ್ನಷ್ಟು ಚಂದ ಮಾಡುವುದು ಇನ್ನೊಂದು. ಮೊದಲನೆಯದು ಮುಖಕ್ಕೆ ಅದರ ಕೆಲಸವನ್ನು ಹಿಂತಿರುಗಿಸುತ್ತದೆ. ಮುಖಕ್ಕೂ ಕೆಲಸವಿದೆಯೇ ಎಂದು ಕೇಳಬಹುದು. ಅದನ್ನು ನನಗೆ ಕಲಿಸಿದವಳು ನನ್ನ ಒಬ್ಬ ವಿದ್ಯಾರ್ಥಿನಿ.

ಅವಳ ಹೆಸರು, ಊರು ಬೇಡ. ಅವಳ ಕಥೆ ಹೇಳಲು ಅವಳು ಒಪ್ಪಿಗೆ ಕೊಟ್ಟಿದ್ದಾಳೆ. ಬಿ.ಎ. ಮುಗಿಸಿದ ಮರುವರ್ಷವೇ, 2005ರಲ್ಲಿ, ಮದುವೆಯಾಯಿತು. ತಂದೆ ಎರಡು ಎಕರೆ ಹೊಲ ಮಾರಿ ವರದಕ್ಷಿಣೆ ಕೊಟ್ಟರು. ಎರಡು ವರ್ಷದ ಮೇಲೆ ನಾಗರಪಂಚಮಿಗೆ ತವರಿಗೆ ಬಂದಾಗ ನನ್ನನ್ನು ನೋಡಲು ಬಂದಳು. ಮೂಗಿನ ಎಲುಬು ಒಂದು ಕಡೆಗೆ ವಾಲಿತ್ತು. ಏನಾಯಿತು ಎಂದೆ. "ಬಚ್ಚಲದಾಗ ಜಾರಿದೆ ಮೇಡಂ" ಎಂದಳು. ನನಗೆ ಗೊತ್ತಾಯಿತು. ಗೊತ್ತಾದರೂ ಬಿ.ಎಡ್. ಮಾಡುವ ವಿಚಾರ ಏನಾಯಿತು ಎಂದು ಕೇಳಿ ಮಾತು ಬೇರೆ ಕಡೆ ತಿರುಗಿಸಿದೆ. ವೇದಿಕೆಯ ಮೇಲೆ ನಿಂತು ಮಹಿಳಾ ವಿಮೋಚನೆಯ ಬಗ್ಗೆ ಮಾತಾಡುತ್ತಿದ್ದವಳು ನನ್ನ ಮನೆಯ ಪಡಸಾಲೆಯಲ್ಲಿ ಕೂತ ಹುಡುಗಿಯನ್ನು ಇನ್ನೊಂದು ಮಾತು ಕೇಳಲಿಲ್ಲ. ಚಹಾ ಕುಡಿಸಿ, ಕುಂಕುಮ ಹಚ್ಚಿ ಕಳಿಸಿದೆ. ಮರುವರ್ಷ ಚಳಿಗಾಲದಲ್ಲಿ ಅವಳ ಮುಖ, ಕುತ್ತಿಗೆ, ಎದೆ ಸುಟ್ಟವು.

ಆಸ್ಪತ್ರೆಯಲ್ಲಿ ಪೊಲೀಸರು ಹೇಳಿಕೆ ಬರೆದುಕೊಂಡಾಗ ಗಂಡ ಮಂಚದ ತಲೆದೆಸೆಗೆ ನಿಂತಿದ್ದ. ಕೂಸು ಅತ್ತೆಯ ಕೈಯಲ್ಲಿತ್ತು. "ಸ್ಟೋ ಸಿಡೀತು" ಎಂದಳು. ಮುಂದೆ ತವರಿಗೆ ಬಂದ ಮೇಲೆ ಚಿಮಣಿ ಎಣ್ಣೆ ಸುರಿದವರು ಯಾರು ಎಂದು ಹೇಳಿದಳು. ಮೊದಲು ಹೇಳಿದ್ದು ಬೇರೆ, ಆಮೇಲೆ ಹೇಳಿದ್ದು ಬೇರೆ ಎಂದು ನ್ಯಾಯಾಲಯದಲ್ಲಿ ಪ್ರಕರಣ ನಿಲ್ಲಲಿಲ್ಲ. ಆಸ್ಪತ್ರೆಗೆಂದು ತಂದೆ ಇನ್ನೊಂದು ಎಕರೆ ಮಾರಿದರು.

2011ರಲ್ಲಿ ನಾನು ಅವಳ ಮನೆಗೆ ಹೋದಾಗ ಅವಳು ಹಿಂದಿನ ಕೋಣೆಯಿಂದ ಸೆರಗು ಮುಚ್ಚಿಕೊಂಡು ಬಂದಳು. ಗದ್ದ ಎದೆಗೆ ಅಂಟಿ ತಲೆ ಎತ್ತಲಾಗುತ್ತಿರಲಿಲ್ಲ. ಕೆಳರೆಪ್ಪೆ ಹೊರಕ್ಕೆ ಮಗುಚಿ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ. ಬಾಯಿ ಎರಡು ಬೆರಳು ಹೋಗುವಷ್ಟೇ ತೆರೆಯುತ್ತಿತ್ತು. ಅವಳನ್ನು ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು, "ಮೊದಲು ಏನು ಸರಿಯಾಗಬೇಕಮ್ಮಾ?" ಎಂದು ಕೇಳಿದರು. ಅವಳು ಚಂದ ಮಾಡಿ ಎನ್ನಲಿಲ್ಲ. "ಬಾಯಿ ದೊಡ್ಡದ ಮಾಡ್ರಿ ಸರ್. ಮೂರು ವರ್ಷ ಆತು, ರೊಟ್ಟಿ ಮುರದು ಬಾಯಾಗ ಇಟ್ಕೊಂಡಿಲ್ಲ" ಎಂದಳು.

ಮುಖಕ್ಕೆ ಕೆಲಸವಿದೆ ಎಂದು ನನಗೆ ತಿಳಿದದ್ದು ಆಗ. ರೊಟ್ಟಿ ತಿನ್ನುವುದು, ಕಣ್ಣು ಮುಚ್ಚುವುದು, ಉಸಿರಾಡುವುದು, ಮಾತಾಡುವುದು, ಎದುರಿನವರನ್ನು ನೋಡುವುದು.

ಈಗ ಏನೇನು ಮಾಡುತ್ತಾರೆ ಎಂದು ಒಂದೊಂದಾಗಿ ಹೇಳುತ್ತೇನೆ.

ಬಹಳ ಹೆಂಗಸರ ಮುಖಕ್ಕೆ ಪೆಟ್ಟಾಗುವುದು ಬೆಂಕಿಯಿಂದಲ್ಲ, ಮುಷ್ಟಿಯಿಂದ. ಮೂಗಿನ ಎಲುಬು ಮುರಿದರೆ ಸುಮಾರು ಎರಡು ವಾರದೊಳಗೆ ಅದನ್ನು ಸರಿಯಾದ ಜಾಗಕ್ಕೆ ಕೂಡಿಸುವುದು ಸುಲಭ. ತಡವಾದರೆ ಎಲುಬು ವಾಲಿದಂತೆಯೇ ಕೂಡುತ್ತದೆ, ಆಮೇಲೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕು. ಮೂಗಿನ ಒಳಗಿನ ಗೋಡೆಯಲ್ಲಿ ರಕ್ತ ತುಂಬಿ ಬಾತು, ಎರಡೂ ಹೊಳ್ಳೆ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತವನ್ನು ತೆಗೆಯದಿದ್ದರೆ ಒಳಗಿನ ಮೆತ್ತನೆಯ ಎಲುಬು ಸತ್ತು ಮೂಗು ಕುಸಿಯುತ್ತದೆ. ಏಟು ಬಿದ್ದ ಮೇಲೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮೊದಲಿನಂತೆ ಹೊಂದಿಕೆಯಾಗದಿದ್ದರೆ ದವಡೆ ಮುರಿದಿರಬಹುದು. ಗಲ್ಲ ಮರಗಟ್ಟಿ, ಒಂದು ವಸ್ತು ಎರಡಾಗಿ ಕಂಡರೆ ಕೆನ್ನೆಯ ಎಲುಬು ಮುರಿದಿರಬಹುದು. ಇವಕ್ಕೆ ಸಣ್ಣ ಲೋಹದ ಪಟ್ಟಿ ಕೂಡಿಸಿ ಜೋಡಿಸುತ್ತಾರೆ. ಹಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆಯ ವಿಭಾಗವೇ ಇರುತ್ತದೆ. ಪಂಚಮಿಗೆ ಬಂದ ಹುಡುಗಿಯನ್ನು ನಾನು ಅಂದು ಅಂಥಲ್ಲಿಗೆ ಕರೆದುಕೊಂಡು ಹೋಗಿದ್ದರೆ ಮೂಗಿನ ಜೊತೆಗೆ ಗಾಯದ ದಾಖಲೆಯೂ ಆಗುತ್ತಿತ್ತು. ಅದು ಮುಂದಿನ ಬೆಂಕಿಯನ್ನು ತಡೆಯುತ್ತಿತ್ತೋ ಏನೋ. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಸುಟ್ಟಾಗ ಮೊದಲ ಚಿಕಿತ್ಸೆ ನೀರು. ಬೆಂಕಿಯನ್ನು ಕಂಬಳಿಯಿಂದ ಆರಿಸಿ, ಅಂಟಿಕೊಳ್ಳದ ಬಟ್ಟೆ, ಬಳೆ, ಉಂಗುರ ತೆಗೆದು, ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣನೆಯ ನೀರು ಹರಿಸಬೇಕು. ಬರ್ಫ ಬೇಡ. ಆಸಿಡ್ ಬಿದ್ದರೆ ಇನ್ನೂ ಹೆಚ್ಚು ಹೊತ್ತು ತೊಳೆಯಬೇಕು, ಕಣ್ಣನ್ನು ತೆರೆದು ತೊಳೆಯಬೇಕು. ಅರಿಷಿಣ, ಮಸಿ, ಟೂತ್‌ಪೇಸ್ಟ್, ಎಣ್ಣೆ, ಸಗಣಿ ಯಾವುದನ್ನೂ ಹಚ್ಚಬಾರದು. ತೊಳೆದ ಬಟ್ಟೆ ಹೊದಿಸಿ 108ಕ್ಕೆ ಫೋನ್ ಮಾಡಿ.

ಎರಡನೆಯದು ಮೊದಲ ಹೇಳಿಕೆ. ಬಾಗೇವಾಡಿಯಲ್ಲಿ ಒಬ್ಬ ತಂಗಿ, "ಸ್ಟೋ ಸಿಡೀತು ಅನ್ನದಿದ್ರ ಮಕ್ಕಳ್ನ ಯಾರ ನೋಡ್ತಾರ ಮೇಡಂ?" ಎಂದು ಕೇಳಿದಳು. ಇದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೆ ಆ ಹೊತ್ತಿಗೆ ಅವಳ ಮಂಚದ ಹತ್ತಿರ ಗುಂಪಿನ ಇಬ್ಬರು ಇದ್ದರೆ ಅವಳ ಬಾಯಿಂದ ನಿಜ ಬರುವ ಸಾಧ್ಯತೆ ಹೆಚ್ಚು. ಗಂಡನ ಮನೆಯವರನ್ನು ಹೊರಗೆ ಕಳಿಸಿ ಹೇಳಿಕೆ ತೆಗೆದುಕೊಳ್ಳಿರಿ ಎಂದು ವೈದ್ಯರನ್ನು, ಪೊಲೀಸರನ್ನು ಒತ್ತಾಯಿಸಿರಿ. ಯಾವ ಠಾಣೆಯ ಹದ್ದಿನಲ್ಲಿ ನಡೆದರೂ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಕೂಸು ಅವರ ಕೈಯಲ್ಲಿದ್ದರೆ, ಕೌಟುಂಬಿಕ ಹಿಂಸೆಯ ಕಾಯಿದೆಯಡಿ ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ.

ಇನ್ನು ಶಸ್ತ್ರಚಿಕಿತ್ಸೆ. ಆಳವಾಗಿ ಸುಟ್ಟ ಜಾಗದಲ್ಲಿ ಚರ್ಮ ತಾನಾಗಿ ಚೆನ್ನಾಗಿ ಬರುವುದಿಲ್ಲ. ತೊಡೆಯಿಂದ ತೆಳ್ಳನೆಯ ಚರ್ಮ ತೆಗೆದು ಅಲ್ಲಿ ಹಾಸುತ್ತಾರೆ. ಇದು ಚರ್ಮ ಕಸಿ. ಗಾಯ ಮಾಗಿದ ಮೇಲೂ ಸುಟ್ಟ ಚರ್ಮ ಸುಗ್ಗಿಯ ನಂತರದ ಎರೆಹೊಲದಂತೆ ಬಿಗಿಯುತ್ತ ಹೋಗುತ್ತದೆ. ಗದ್ದ ಎದೆಗೆ ಅಂಟುವುದು, ರೆಪ್ಪೆ ಮಗುಚುವುದು, ಬಾಯಿ ಸಣ್ಣದಾಗುವುದು ಇದರಿಂದಲೇ. ಆ ಬಿಗಿತವನ್ನು ಬಿಡಿಸಿ, ತೆರೆದ ಜಾಗಕ್ಕೆ ಹೊಸ ಚರ್ಮ ಕೂಡಿಸುತ್ತಾರೆ. ರೆಪ್ಪೆಗೆ ಕಿವಿಯ ಹಿಂದಿನ ಚರ್ಮ ಹೊಂದುತ್ತದೆ. ಮೂಗಿಗೆ ಹಣೆಯ ಚರ್ಮ, ಆ ಮನೂಚಿ ಕಂಡದ್ದೇ. ಕೆಲವೊಮ್ಮೆ ಒಳ್ಳೆಯ ಚರ್ಮದ ಕೆಳಗೆ ಒಂದು ಸಣ್ಣ ಚೀಲವಿಟ್ಟು, ಕೆಲವು ವಾರ ಸ್ವಲ್ಪಸ್ವಲ್ಪವೇ ಉಪ್ಪುನೀರು ತುಂಬಿ ಚರ್ಮವನ್ನು ಬೆಳೆಸುತ್ತಾರೆ. ಬಸುರಿಯ ಹೊಟ್ಟೆಯ ಚರ್ಮ ಹಿಗ್ಗಿದ ಹಾಗೆ ಅದು ಹಿಗ್ಗುತ್ತದೆ, ಹಿಗ್ಗಿದ್ದನ್ನು ಪಕ್ಕದ ಕಲೆಯ ಜಾಗಕ್ಕೆ ಎಳೆದು ಹೊಲಿಯುತ್ತಾರೆ.

ಯಾವುದು ಮೊದಲು? ಕಣ್ಣು ಮೊದಲು. ಮುಚ್ಚದ ಕಣ್ಣು ಒಣಗಿ ದೃಷ್ಟಿಯೇ ಹೋಗಬಹುದು. ಆಮೇಲೆ ಬಾಯಿ, ಕುತ್ತಿಗೆ. ಇವಕ್ಕೆ ಕಾಯಬಾರದು. ಕಲೆಯನ್ನು ನಯ ಮಾಡುವಂಥ ಕೆಲಸಗಳಿಗೆ ಮಾತ್ರ ಕಲೆ ಪಕ್ವವಾಗುವವರೆಗೆ, ಸುಮಾರು ಒಂದು ವರ್ಷ ಅಥವಾ ಹೆಚ್ಚು, ಕಾಯುತ್ತಾರೆ. ಆ ಅವಧಿಯಲ್ಲಿ ಬಿಗಿಯಾದ ಒತ್ತುಬಟ್ಟೆಯನ್ನು ಹಗಲು-ರಾತ್ರಿ ತೊಡಬೇಕು, ಎಣ್ಣೆ ಹಚ್ಚಿ ತಿಕ್ಕಬೇಕು, ಬಾಯಿ-ಕುತ್ತಿಗೆಗಳ ವ್ಯಾಯಾಮ ಮಾಡಬೇಕು, ಬಿಸಿಲಿನಿಂದ ಕಾಪಾಡಿಕೊಳ್ಳಬೇಕು. ನಮ್ಮ ಬಿಸಿಲಿನಲ್ಲಿ ಒತ್ತುಬಟ್ಟೆ ತೊಡುವುದು ತಪಸ್ಸೇ ಸರಿ. ಆದರೆ ಇದನ್ನು ಬಿಟ್ಟರೆ ಶಸ್ತ್ರಚಿಕಿತ್ಸೆಯ ಅರ್ಧ ಫಲ ಹೋಗುತ್ತದೆ.

ನನ್ನ ವಿದ್ಯಾರ್ಥಿನಿಗೆ 2012ರಿಂದ 2015ರವರೆಗೆ ಆರು ಶಸ್ತ್ರಚಿಕಿತ್ಸೆಗಳಾದವು. ವೈದ್ಯರು ಹಳೆಯ ಫೋಟೋ ಒಂದನ್ನು ಕೇಳಿದರು. ಮನೆಯವರು ಮದುವೆಯ ಫೋಟೋ ತಂದರು. ಅವಳು ಅದನ್ನು ಬೇಡವೆಂದು ಕಾಲೇಜಿನ ಗುರುತಿನ ಚೀಟಿಯ ಫೋಟೋ ಕೊಟ್ಟಳು. ಆ ಮುಖ ಬಂತೇ? ಇಲ್ಲ. ಕಲೆಗಳು ಉಳಿದಿವೆ, ಒಂದು ಹುಬ್ಬು ಇಲ್ಲ. ಆದರೆ ತಲೆ ಎತ್ತುತ್ತಾಳೆ, ಕಣ್ಣು ಮುಚ್ಚಿ ಮಲಗುತ್ತಾಳೆ, ರೊಟ್ಟಿ ತಿನ್ನುತ್ತಾಳೆ. ಯಾರಾದರೂ 'ಮೊದಲಿನಂತೆಯೇ ಮಾಡಿಕೊಡುತ್ತೇವೆ' ಎಂದು ದುಡ್ಡು ಕೇಳಿದರೆ ನಂಬಬೇಡಿರಿ. 'ಇನ್ನೇನೂ ಆಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ' ಎಂದರೂ ನಂಬಬೇಡಿರಿ. ಮೂರು ವರ್ಷದ ಮೇಲೂ ಅವಳಿಗೆ ಆಯಿತು.

ಮುದ್ದೇಬಿಹಾಳದಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದರು. ಸೀಳುತುಟಿಯ ಕೂಸು. ಗ್ರಹಣದಲ್ಲಿ ಸೊಸೆ ಕಾಯಿಪಲ್ಯ ಹೆಚ್ಚಿದಳು, ಅದಕ್ಕೇ ಹೀಗಾಯಿತು ಎಂದು ಮಗ ಅವಳನ್ನು ತವರಿಗೆ ಅಟ್ಟಿದ್ದಾನೆ ಎಂದರು. ಅಜ್ಜಿ, ಗ್ರಹಣಕ್ಕೂ ತುಟಿಗೂ ಸಂಬಂಧವಿಲ್ಲ. ಹೊಟ್ಟೆಯಲ್ಲಿ ಕೂಸಿನ ಮುಖ ಕೂಡಿಕೊಳ್ಳುವ ಮೊದಲ ಮೂರು ತಿಂಗಳಲ್ಲಿ ಎಲ್ಲೋ ಕೂಡದೆ ಉಳಿಯುತ್ತದೆ, ಅಷ್ಟೇ. ಅದರಲ್ಲಿ ತಾಯಿಯ ತಪ್ಪಿಲ್ಲ. ತುಟಿಯನ್ನು ಮೂರು ತಿಂಗಳ ಆಸುಪಾಸಿಗೆ, ಅಂಗಳವನ್ನು ಒಂದೂವರೆ ವರ್ಷದೊಳಗೆ ಸರಿಪಡಿಸುತ್ತಾರೆ. ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಿದರೆ ಶಸ್ತ್ರಚಿಕಿತ್ಸೆ ಉಚಿತವಾಗಿ ಆಗುತ್ತದೆ. ಕೂಸಿನ ತುಟಿ ಹೊಲಿಯುವುದು ಸುಲಭ. ಸೊಸೆಯನ್ನು ಮರಳಿ ಕರೆತರುವ ಕೆಲಸ ನಿಮ್ಮದು.

ಈಗ ಖರ್ಚಿನ ಮಾತು. 1999ರಲ್ಲಿ ಬೆಂಗಳೂರಿನಲ್ಲಿ ಹಸೀನಾ ಹುಸೇನ್ ಎಂಬ ಯುವತಿ ಕೆಲಸ ಬಿಟ್ಟಳೆಂದು ಹಿಂದಿನ ಮಾಲೀಕ ಅವಳ ಮೇಲೆ ಆಸಿಡ್ ಸುರಿದ. ಕಣ್ಣುಗಳು ಹೋದವು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಿಗೆ ಮನೆಮಂದಿಯ ಆಸ್ತಿ ಕರಗಿತು. 2006ರಲ್ಲಿ ಕರ್ನಾಟಕ ಹೈಕೋರ್ಟ್ ಅಪರಾಧಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಹಸೀನಾ ಮೂಲೆ ಹಿಡಿಯಲಿಲ್ಲ. ಮುಖ ಮುಚ್ಚದೆ ಸಭೆಗಳಲ್ಲಿ ಮಾತಾಡಿದರು. ಅವರಂಥವರೂ ಕರ್ನಾಟಕದ ಮಹಿಳಾ ಸಂಘಟನೆಗಳೂ ಬೀದಿಗಿಳಿದದ್ದರಿಂದ, ದೇಶದ ಬೇರೆಡೆಯ ಹೆಣ್ಣುಮಕ್ಕಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರಿಂದ ಇವತ್ತು ಕಾನೂನು ಬೇರೆಯಾಗಿದೆ.

2013ರಲ್ಲಿ ಆಸಿಡ್ ದಾಳಿಯನ್ನು ಪ್ರತ್ಯೇಕ ಅಪರಾಧವನ್ನಾಗಿ ಮಾಡಲಾಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 124ನೆಯ ಕಲಂ. ಕನಿಷ್ಠ 10 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ, ವೈದ್ಯಕೀಯ ಖರ್ಚಿಗೆ ಸಾಲುವಷ್ಟು ದಂಡ, ಆ ದಂಡ ನೊಂದವಳಿಗೇ ಸೇರಬೇಕು. ಎರಚಲು ಯತ್ನಿಸಿದರೂ 5ರಿಂದ 7 ವರ್ಷ. ಆಸಿಡ್ ದಾಳಿಗೊಳಗಾದವರಿಗೆ ಸರ್ಕಾರಿ ಇರಲಿ ಖಾಸಗಿ ಇರಲಿ ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ, ನಿರಾಕರಿಸುವುದೇ ಅಪರಾಧ. ಉಚಿತ ಎಂದರೆ ಮೊದಲ ಪಟ್ಟಿ ಕಟ್ಟುವುದಷ್ಟೇ ಅಲ್ಲ; ಔಷಧಿ, ಊಟ, ಹಾಸಿಗೆ, ಮುಖವನ್ನು ಮತ್ತೆ ಕಟ್ಟುವ ಶಸ್ತ್ರಚಿಕಿತ್ಸೆ ಎಲ್ಲವೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 2015ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಮೊದಲು ನೋಡಿದ ಆಸ್ಪತ್ರೆಯಿಂದ ಇದು ಆಸಿಡ್ ದಾಳಿ ಎಂಬ ಪ್ರಮಾಣಪತ್ರ ಪಡೆಯಿರಿ. ಮುಂದಿನ ಎಲ್ಲ ಚಿಕಿತ್ಸೆಗೆ ಅದೇ ಆಧಾರ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಅವರಿಗೆ ಉದ್ಯೋಗ ಮೀಸಲಾತಿಯೂ ಇದೆ.

ಬೆಂಕಿಯಿಂದ ಸುಟ್ಟವರೂ ಕೈಚೆಲ್ಲಬೇಕಿಲ್ಲ. ಬಡತನ ರೇಖೆಗಿಂತ ಕೆಳಗಿನ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಸುಟ್ಟ ಗಾಯದ ಚಿಕಿತ್ಸೆಗೆ ಅವಕಾಶವಿದೆ. ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯಿರಿ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2018ರಲ್ಲಿ ರೂಪಿಸಿದ ಪರಿಹಾರ ಯೋಜನೆಯಲ್ಲಿ, ಸುಟ್ಟು ಅಥವಾ ಆಸಿಡ್ಡಿನಿಂದ ಮುಖ ವಿರೂಪವಾದ ಮಹಿಳೆಗೆ 7ರಿಂದ 8 ಲಕ್ಷ ರೂಪಾಯಿ ಎಂದು ಹೇಳಿದೆ. ಇದಕ್ಕೆ ಅಪರಾಧಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ, ಮಧ್ಯಂತರ ಪರಿಹಾರವನ್ನೂ ಕೇಳಬಹುದು. ಅರ್ಜಿಯನ್ನು ವಿಜಯಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡಬೇಕು. ನಿಮ್ಮ ತಾಲೂಕಿನ ಕೋರ್ಟಿನಲ್ಲಿಯೇ ಕಾನೂನು ಸೇವಾ ಸಮಿತಿ ಇದೆ, ವಕೀಲರ ಫೀ ಇಲ್ಲ. ಅವರ ಸಹಾಯವಾಣಿ 15100, ಮಹಿಳಾ ಸಹಾಯವಾಣಿ 181. ಕೌಟುಂಬಿಕ ಹಿಂಸೆಯ ಕಾಯಿದೆಯಲ್ಲಿ ಚಿಕಿತ್ಸೆಯ ಖರ್ಚನ್ನು ಗಂಡನಿಂದ ವಸೂಲಿ ಮಾಡಬಹುದು. ನಿಮ್ಮ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಅದರ ರಕ್ಷಣಾಧಿಕಾರಿ.

ಎಲ್ಲಿಗೆ ಹೋಗಬೇಕು? ಮೊದಲು ತಾಲೂಕು ಆಸ್ಪತ್ರೆ, ಅಲ್ಲಿಂದ ವಿಜಯಪುರದ ಜಿಲ್ಲಾ ಆಸ್ಪತ್ರೆ. ವಿಜಯಪುರದಲ್ಲಿ ವೈದ್ಯಕೀಯ ಕಾಲೇಜುಗಳೂ ಹಲ್ಲಿನ ಕಾಲೇಜೂ ಇವೆ. ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಯ ಕಿಮ್ಸ್ ಎಂದು ನಾವು ಕರೆಯುವ ಸರ್ಕಾರಿ ಆಸ್ಪತ್ರೆ, ಬೆಳಗಾವಿ, ಇಂಡಿಯವರಿಗೆ ಹತ್ತಿರದ ಸೊಲ್ಲಾಪುರ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯ ವಿಭಾಗ. ಖಾಸಗಿಯಾಗಿ ತೋರಿಸುವುದಾದರೆ ವೈದ್ಯರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೇ ನೋಡಿರಿ. ಬ್ಯೂಟಿ ಪಾರ್ಲರಿನ ಸರ್ಟಿಫಿಕೇಟು ಅದಲ್ಲ.

ಪಾರ್ಲರಿನ ಮಾತು ಬಂದಾಗ ಸಿಂದಗಿಯ ಪ್ರಶ್ನೆ ನೆನಪಾಗುತ್ತದೆ. ಅಲ್ಲಿ ಒಬ್ಬ ತಾಯಿ ಗುಂಪಿನಿಂದ ಸಾಲ ಕೇಳಿದ್ದರು, ಮಗಳ ಮುಖದ ಬಣ್ಣ ತಿಳಿಯಾಗಿಸುವ ಚಿಕಿತ್ಸೆಗೆ. ಕನ್ಯೆ ನೋಡಲು ಬಂದವರು ಹುಡುಗಿ ಕಪ್ಪು ಎಂದು ಹೇಳಿ, ಐದು ತೊಲೆಯ ಜಾಗದಲ್ಲಿ ಎಂಟು ತೊಲೆ ಬಂಗಾರ ಕೇಳಿದ್ದರಂತೆ. ಮೂರು ತೊಲೆ ಕೊಡುವುದಕ್ಕಿಂತ ಮುಖಕ್ಕೇ ಖರ್ಚು ಮಾಡುವುದು ಅಗ್ಗ ಎಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿ, ಆದರೆ ಯಾರ ಲೆಕ್ಕ ಅದು? ಬಣ್ಣಕ್ಕೆ ದರ ಕಟ್ಟಿದವನು ನಾಳೆ ಹೆಣ್ಣು ಹೆತ್ತದ್ದಕ್ಕೆ ದರ ಕಟ್ಟುತ್ತಾನೆ, ನಾಡಿದ್ದು ಅಡಿಗೆಗೆ ಉಪ್ಪು ಹೆಚ್ಚಾದದ್ದಕ್ಕೆ. ಮೂಗಿಗೆ ಗುರಿಯಿಡುವ ಮುಷ್ಟಿ ಅದೇ ಮನೆಯಲ್ಲಿರುತ್ತದೆ.

ಆ ಹುಡುಗಿ ಆಗಲೇ ಔಷಧಿ ಅಂಗಡಿಯಿಂದ ಒಂದು ಮುಲಾಮು ತಂದು ತಿಂಗಳುಗಟ್ಟಲೆ ಹಚ್ಚಿದ್ದಳು. ಇಂಥ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಎದ್ದು, ಮೊಡವೆ, ಕೂದಲು ಬರುತ್ತವೆ. ಬಿಟ್ಟರೆ ಉರಿಯುತ್ತದೆ, ಬಿಡದಿದ್ದರೆ ಕೆಡುತ್ತದೆ. 2018ರಿಂದ ಈ ಬಗೆಯ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಬೆಳ್ಳಗಾಗಲೆಂದು ರಕ್ತನಾಳಕ್ಕೆ ಹಾಕುವ ಇಂಜೆಕ್ಷನ್ ಇನ್ನೂ ಅಪಾಯ. ನಮ್ಮ ಬಣ್ಣ ಕಾಯಿಲೆಯಲ್ಲ, ಈ ಬಿಸಿಲಿಗೆ ತಕ್ಕ ಚರ್ಮ ಅದು.

ಹಾಗೆಂದು ತನ್ನ ಮುಖದ ಮೇಲಿನ ದೊಡ್ಡ ಮಚ್ಚೆ ತೆಗೆಸಿಕೊಳ್ಳಬೇಕು, ಹಳೆಯ ಕಲೆ ನಯ ಮಾಡಿಸಿಕೊಳ್ಳಬೇಕು ಎನ್ನುವ ಹುಡುಗಿಯನ್ನು ನಾನು ಹಳಿಯುವುದಿಲ್ಲ. ಅವಳನ್ನು ಒಂದೇ ಮಾತು ಕೇಳುತ್ತೇನೆ: ಇದು ಯಾರಿಗಾಗಿ? 'ನನಗಾಗಿ' ಎಂದರೆ ಒಳ್ಳೆಯ ವೈದ್ಯರನ್ನು ಹುಡುಕೋಣ. 'ನೋಡಲು ಬರುವವರಿಗಾಗಿ' ಎಂದರೆ ಬಂದವರಿಗೆ ಚಹಾ ಕೊಟ್ಟು ಕಳಿಸೋಣ.

ಕೊನೆಗೆ ನಿಮ್ಮ ಗುಂಪಿನ ಠರಾವು ಪುಸ್ತಕದಲ್ಲಿ ಮೂರು ಠರಾವು ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಒಂದು, ನಮ್ಮ ಸದಸ್ಯೆಯ ಮುಖದ ಮೇಲೆ ಗಾಯ ಕಂಡರೆ ಮಾತು ತಿರುಗಿಸದೆ ಕೇಳುತ್ತೇವೆ, ಇಬ್ಬರು ಜೊತೆಗೆ ಹೋಗಿ ವೈದ್ಯರ ದಾಖಲೆ ಮಾಡಿಸುತ್ತೇವೆ. ಎರಡು, ನಮ್ಮ ಊರಿನ ಅಂಗಡಿಯಲ್ಲಿ ಆಸಿಡ್ ಮಾರುವವರು, ಕೊಳ್ಳುವವರ ಗುರುತಿನ ಚೀಟಿ ನೋಡಿ ಹೆಸರು ಬರೆದುಕೊಳ್ಳುತ್ತಾರೆಯೇ ಎಂದು ವಿಚಾರಿಸುತ್ತೇವೆ. ಅದು 2013ರ ಸುಪ್ರೀಂ ಕೋರ್ಟಿನ ಆದೇಶ. ಮೂರು, ಸುಟ್ಟವಳ ಆಸ್ಪತ್ರೆಯ ಓಡಾಟಕ್ಕೆ ಗುಂಪಿನ ಹಣ ಮೊದಲು, ವರದಕ್ಷಿಣೆಗೂ ಬಣ್ಣಕ್ಕೂ ಸಾಲ ಇಲ್ಲ.

ನನ್ನ ವಿದ್ಯಾರ್ಥಿನಿ ಈಗ ತನ್ನ ಊರಿನ ಗುಂಪಿನ ಲೆಕ್ಕ ಬರೆಯುತ್ತಾಳೆ. ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗುತ್ತಾಳೆ, ಸೆರಗು ಹೆಗಲ ಮೇಲಿರುತ್ತದೆ, ಮುಖದ ಮೇಲಲ್ಲ. ಒಮ್ಮೆ ಸಾಲಿನಲ್ಲಿ ನಿಂತಾಗ ಒಂದು ಸಣ್ಣ ಹುಡುಗಿ, "ಅತ್ತಿ, ನಿನ್ನ ಮಾರಿಗಿ ಏನಾಗೇದ?" ಎಂದು ಕೇಳಿತಂತೆ. ಹುಡುಗಿಯ ತಾಯಿ ನಾಚಿ ಬಾಯಿ ಮುಚ್ಚಿಸಲು ಹೋದಳು. ಇವಳು ತಡೆದು ಹೇಳಿದಳು: "ಕೇಳಲಿ ಬಿಡ್ರಿ. ನಾ ಹೇಳ್ತೀನಿ. ನನಗೊಬ್ಬಾಂವ ಸುಟ್ಟಾನವ್ವಾ. ನಾನಾಗೇ ಸುಟ್ಕೊಂಡಿಲ್ಲ."

ಹದಿನೈದು ವರ್ಷ ತಡವಾಗಿ ಬಂದ ಮೊದಲ ಹೇಳಿಕೆ ಅದು. ನಿಮ್ಮ ಊರಿನಲ್ಲಿ ಅಷ್ಟು ತಡವಾಗದಿರಲಿ.